ಬಂದೂಕಿಗೆ ಮನೆಯವಳ ಒಪ್ಪಿಗೆ

ಮಾರ್ಚ್ ೩, ಸೋಮವಾರ

ಸಿಟ್ಟು ಬಂದಾಗ ಕೂಗಬೇಡ, ಒಂದು ಪುಸ್ತಕದಲ್ಲಿ ಬರೆ ಎಂದು ಡಾಕ್ಟರು ಹೇಳಿದ್ದಾರೆ. ರಕ್ತದೊತ್ತಡವಂತೆ. ಐದನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಕಿತ್ತು ಮುರಿದು ಶಾಲೆ ಬಿಟ್ಟವನಿಗೆ ಬರೆ ಅನ್ನುವುದು, ಈಜು ಬಾರದವನಿಗೆ ಹೊಳೆ ತೋರಿಸಿದ ಹಾಗೆ. ಆದರೂ ಮಾತ್ರೆಗಿಂತ ಪುಸ್ತಕ ಅಗ್ಗ. ಬರೆಯುತ್ತೇನೆ. ಈ ಲೆಕ್ಕದಲ್ಲಿ ಸಿಟ್ಟು ಬಂದಾಗಲೆಲ್ಲ ಬರೆದರೆ ಸಾಯುವುದರೊಳಗೆ ನಾನು ದೊಡ್ಡ ಸಾಹಿತಿ.

ಇವತ್ತಿನ ಸಿಟ್ಟು ಸರ್ಕಾರದ್ದು. ನನ್ನ ಸಾಣೆ ಅಂಗಡಿಯ ಪಕ್ಕದ ಕ್ಷೌರದಂಗಡಿಯಲ್ಲಿ ಗಡ್ಡ ಕೊಟ್ಟು ಕೂತಿದ್ದೆ. ಕ್ಷೌರದವನು ಒಂದು ಕೈಯಲ್ಲಿ ಕತ್ತಿ, ಒಂದು ಕಣ್ಣಲ್ಲಿ ಪೇಪರು. ಒಂದೇ ಏಟಿಗೆ ಮೂರು ಹೊಸ ಕಾನೂನು. ಮನೆಗಳ ಹತ್ತಿರ ಹೆಂಡದಂಗಡಿ ಇರಬಾರದು. ನಾನು ಭೇಷ್ ಅಂದೆ. ಸಿಗರೇಟು ಬಿಡಿಯಾಗಿ ಮಾರಬಾರದು, ಪೂರ್ತಿ ಪ್ಯಾಕೇ ಕೊಳ್ಳಬೇಕು. ನಾನು ಅನ್ಯಾಯ ಅಂದೆ. ಮೂರನೆಯದು, ಮನೆಯಲ್ಲಿ ಬಂದೂಕು ಇಟ್ಟುಕೊಂಡವರ ಹಳೇ ಪರವಾನಗಿ ಇನ್ನು ನಡೆಯುವುದಿಲ್ಲ. ಹೊಸದು ಬೇಕಾದರೆ, ಅದೇ ಸೂರಿನಡಿ ಮಲಗುವ ಇನ್ನೊಬ್ಬರು ಕಚೇರಿಗೆ ಬಂದು, ಬಂದೂಕಿನ ಯಜಮಾನ ಹೊರಗಿರುವಾಗ, ‘ಇದು ನಮ್ಮ ಮನೆಯಲ್ಲಿರುವುದರಿಂದ ನನಗೆ ಭಯವಿಲ್ಲ’ ಎಂದು ಬಾಯಲ್ಲಿ ಹೇಳಬೇಕು. ಅದಕ್ಕೆ ನಾನು ಅಂದದ್ದನ್ನು ಇಲ್ಲಿ ಬರೆದರೆ ಪುಸ್ತಕ ಹತ್ತಿಕೊಂಡು ಉರಿಯುತ್ತದೆ.

“ಅಲ್ಲಾಡಬೇಡಿ ಸಾಣೆಯಜ್ಜ, ಕತ್ತಿ ಕುತ್ತಿಗೆ ಮೇಲಿದೆ,” ಅಂದ. “ಒಂದೇ ಪೇಪರು, ಒಂದೇ ಸರ್ಕಾರ. ಮೊದಲ್ನೇದಕ್ಕೆ ಭೇಷು, ಮೂರನೇದಕ್ಕೆ ಬೈಗುಳ. ಅದು ಹೆಂಗೆ?”

“ಹೆಂಡ ಮನೆ ಹಾಳು ಮಾಡುತ್ತೆ ಕಣಯ್ಯ!”

“ನೀವು ಕುಡಿಯಲ್ಲ, ಅದಕ್ಕೆ.”

“ಕುಡುಕನಿಗೆ ಬುದ್ಧಿ ಇರಲ್ಲ. ಬಂದೂಕು ಇಟ್ಟವನಿಗೆ ಬುದ್ಧಿ ಇರುತ್ತೆ.”

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಅರ್ಧ ಮುಖಕ್ಕೆ ನೊರೆ, ಅರ್ಧ ಮುಖಕ್ಕೆ ಸಿಟ್ಟು. ಬುದ್ಧಿ ಎಲ್ಲೂ ಕಾಣಿಸಲಿಲ್ಲ ಅಂತ ಕಾಣುತ್ತದೆ.

ಮಾರ್ಚ್ ೫, ಬುಧವಾರ

ಬಂದೂಕಿನ ವಿಷಯ ಬರೆಯಬೇಕು. ಅಪ್ಪ ಮರದ ಅಡ್ಡೆಯಲ್ಲಿ ಕಾವಲುಗಾರನಾಗಿದ್ದ. ಮುದುಕನಾದ ಮೇಲೆ ಮಾಲೀಕ ಪಿಂಚಣಿಯ ಬದಲು ಬಂದೂಕು ಕೊಟ್ಟು ಕಳಿಸಿದ. ಅಪ್ಪನಿಂದ ನನಗೆ ಬಂದದ್ದು ಎರಡೇ ಆಸ್ತಿ, ಇದೊಂದು, ಮೂಗಿನ ತುದಿಯ ಸಿಟ್ಟು ಇನ್ನೊಂದು. ಎರಡು ನಳಿಗೆ, ಆಕ್ರೋಟ ಮರದ ಹಿಡಿ. ನಡುಮನೆ ಗೋಡೆಯಲ್ಲಿ ಎರಡು ಮೊಳೆಯ ಮೇಲೆ ಮಲಗಿದೆ. ಭಾನುವಾರ ಎಣ್ಣೆ ಹಾಕಿ ಒರೆಸುತ್ತೇನೆ. ಮನೆಯವಳ ಕಾಲಿಗೆ ಎಣ್ಣೆ ತಿಕ್ಕಿದ್ದರೆ ಇಷ್ಟು ಹೊತ್ತಿಗೆ ಅವಳು ಓಡುತ್ತಿದ್ದಳು.

ಇಷ್ಟು ವರ್ಷದಲ್ಲಿ ನಾನು ಹೊಡೆದ ಬೇಟೆ ಒಂದೇ, ನಮ್ಮದೇ ನೀರಿನ ಟ್ಯಾಂಕು. ಸಂಜೆ ಹೊತ್ತು ಮಾಳಿಗೆ ಮೇಲೆ ಸದ್ದಾಯಿತು. ಕಳ್ಳ ಅಂದುಕೊಂಡೆ. ಅಂಗಳಕ್ಕೆ ಹಾರಿ ಮೇಲೆ ನೋಡಿ ಢಂ ಅನಿಸಿದೆ. ಟ್ಯಾಂಕು ತೂತು. ಧೋ ಅಂತ ನೀರು. ಒಣಗಿದ ಬಟ್ಟೆ ತರಲು ಹೋಗಿದ್ದ ಇವಳು ತೊಯ್ದ ಕೋಳಿಯ ಹಾಗೆ ಏಣಿ ಇಳಿದು ಬಂದಳು. ನಾನು ನಕ್ಕದ್ದು ನಕ್ಕದ್ದೇ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತೆ. ಹದಿನೈದು ವರ್ಷವಾಯಿತು. ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತೇನೆ. ಕತ್ತರಿಗೆ ಸಾಣೆ ಹಿಡಿಯುವಷ್ಟು ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಕೊಡಲಿಯಾದರೆ ಸ್ವಲ್ಪ ಉಪ್ಪುಖಾರ ಹಚ್ಚುತ್ತೇನೆ.

ಆಮೇಲೆ ಇವಳು ಬಟ್ಟೆಯನ್ನು ಹಿತ್ತಿಲಲ್ಲೇ ಒಣಹಾಕುತ್ತಾಳೆ. ಹಿತ್ತಿಲಿಗೆ ಬಿಸಿಲೇ ಬರುವುದಿಲ್ಲ, ನನ್ನ ಬನಿಯನ್ನು ಯಾವಾಗಲೂ ನಾಯಿಯ ಮೂಗಿನಷ್ಟು ತಣ್ಣಗೆ. ಕೇಳಿದರೆ ಮೊಣಕಾಲು ನೋವು ಅನ್ನುತ್ತಾಳೆ.

ಮಾರ್ಚ್ ೮, ಶನಿವಾರ

ರಾತ್ರಿ ಊಟಕ್ಕೆ ಕೂತಾಗ ಇವಳಿಗೆ ಹೇಳಿದೆ: “ಬುಧವಾರ ಕಚೇರಿಗೆ ಹೋಗೋದಿದೆ. ಒಂದೇ ಮಾತು. ಭಯ ಇಲ್ಲ ಅಂದ್ಬಿಟ್ಟು ಬಾ.” ಇವಳು ಏನೂ ಅನ್ನಲಿಲ್ಲ, ತಟ್ಟೆಗೆ ಬಡಿಸಿದಳು. ನಮ್ಮ ಮನೆಯಲ್ಲಿ ಅದಕ್ಕೆ ಹೂಂ ಎಂದು ಅರ್ಥ.

ಹಿಂದಿನ ಕೋಣೆಯಲ್ಲಿ ಇವಳ ತಮ್ಮ ಇದ್ದಾನೆ. ನನ್ನ ಭಾಮೈದ. ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ, ಸಂಜೆ ತನ್ನ ಗಂಟಲು ತೊಳೆಯುತ್ತಾನೆ. ನಮ್ಮ ಬೀದಿಯ ಹೆಂಡದಂಗಡಿ ಊರಾಚೆಗೆ ಹೋದಂದಿನಿಂದ ಅವನಿಗೆ ಶೋಕ. “ಭಾವ, ಅಷ್ಟು ದೂರ ನಡೆದು ವಾಪಸ್ ಬರೋದ್ರೊಳಗೆ ಕುಡಿದಿದ್ದೆಲ್ಲ ಇಳಿದುಹೋಗುತ್ತೆ. ಅದಕ್ಕೆ ಎರಡರಷ್ಟು ಕುಡೀಬೇಕಾಗುತ್ತೆ,” ಅಂದ.

ನಗಬಾರದು ಅಂದುಕೊಂಡೆ. ಆದರೆ ನನ್ನ ಕಥೆಯೇನು? ಮೊದಲು ಬಿಡಿಯಾಗಿ ದಿನಕ್ಕೆ ಮೂರು ಸಿಗರೇಟು ಸೇದುತ್ತಿದ್ದೆ. ಈಗ ಪ್ಯಾಕು ಜೇಬಿನಲ್ಲೇ ಕೂತು ಬಾ ಬಾ ಅನ್ನುತ್ತದೆ. ಎಂಟಕ್ಕೆ ಬಂದಿದ್ದೇನೆ. ಸರ್ಕಾರ ನನ್ನ ಆರೋಗ್ಯ ಕಾಪಾಡುತ್ತಿದೆ.

ಮಾರ್ಚ್ ೧೨, ಬುಧವಾರ

ಪೆನ್ನು ಒತ್ತಿ ಹಾಳೆ ಹರಿಯುತ್ತಿದೆ. ಅಕ್ಷರ ಹೇಗಾದರೂ ಇರಲಿ.

ಕಚೇರಿಯ ಬೆಂಚಿನ ಮೇಲೆ ನಾವು ಆರೇಳು ಜನ ಮೀಸೆಯವರು, ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡಂದಿರ ಹಾಗೆ. ಒಬ್ಬೊಬ್ಬರ ಮನೆಯವರು ಒಳಗೆ ಹೋಗುವುದು, ಹೊರಗೆ ಬರುವುದು. ಬಂದವರ ಮುಖ ನೋಡಿ ಗಂಡೋ ಹೆಣ್ಣೋ ಎಂದು ನಾವು ಲೆಕ್ಕ ಹಾಕುವುದು. ನಾನು ಪಕ್ಕದವನಿಗೆ ಟ್ಯಾಂಕಿನ ಕಥೆ ಶುರುಮಾಡಿದ್ದೆ, ಅಷ್ಟರಲ್ಲಿ ಇವಳನ್ನು ಕರೆದರು. ಕಥೆ ಮುಗಿದರೂ ಇವಳು ಬರಲಿಲ್ಲ. ಆಮೇಲೆ ಬಂದಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಬಾಗಿಲಾಚೆ ಹೋಗಿ ನಿಂತಳು.

ಅಧಿಕಾರಿ ಒಬ್ಬ ಹೆಣ್ಣುಮಗಳು. “ಒಪ್ಪಿಗೆ ಸಿಕ್ಕಿಲ್ಲ ಯಜಮಾನ್ರೇ,” ಅಂದಳು.

“ಏನಂದಳು ಇವಳು?”

“ಏನೂ ಅನ್ಲಿಲ್ಲ.”

“ಅನ್ಲಿಲ್ಲ ಅಂದ್ರೆ ಹೂಂ ಅಂತಲೇ ಅಲ್ವೇನಮ್ಮ! ನಲವತ್ತು ವರ್ಷದಿಂದ ನಮ್ಮನೇಲಿ ಹಾಗೇ ನಡ್ಕೊಂಡು ಬಂದಿದೆ!”

“ಇಲ್ಲಿ ಹಾಗಲ್ಲ. ಬಾಯ್ಬಿಟ್ಟು ಹೇಳಿದ್ರೆ ಮಾತ್ರ ಹೂಂ. ನಾನು ಮತ್ತೆ ಮತ್ತೆ ಕೇಳಿದೆ. ಅವರು ನೆಲ ನೋಡ್ಕೊಂಡೇ ಕೂತಿದ್ರು.”

ಮೌನಕ್ಕೆ ನಮ್ಮ ಮನೆಯಲ್ಲಿ ಒಂದು ಅರ್ಥ, ಸರ್ಕಾರದಲ್ಲಿ ಇನ್ನೊಂದು. ನಾನು ಕೂಗಿದೆ. ಬೆಂಚಿನವರೆಲ್ಲ ನಕ್ಕರು. ಆಮೇಲೆ ನಗು ನಿಲ್ಲಿಸಿ ತಮ್ಮ ತಮ್ಮ ಮನೆಯವರು ಹೋದ ಬಾಗಿಲನ್ನೇ ನೋಡುತ್ತ ಕೂತರು.

ಒಂದು ತಿಂಗಳೊಳಗೆ ಮನೆಯ ಇನ್ನೊಬ್ಬರನ್ನು ಕರೆತಂದು ಹೇಳಿಸಬಹುದಂತೆ. ಇಲ್ಲವಾದರೆ ಬಂದೂಕು ಒಪ್ಪಿಸಬೇಕು.

ದಾರಿಯುದ್ದಕ್ಕೂ ಇವಳು ನನ್ನ ಹಿಂದೆ, ಹತ್ತು ಮಾರು ದೂರದಲ್ಲಿ. ಮನೆಗೆ ಬಂದು ಅಡುಗೆಮನೆ ಬಾಗಿಲಿಗೆ ಒದ್ದೆ. ಬಾಗಿಲಿಗೆ ಏನೂ ಆಗಲಿಲ್ಲ. ಹೆಬ್ಬೆರಳು ಬದನೆಕಾಯಿಯಾಗಿದೆ. ಇವಳೇ ಬಿಸಿನೀರು ತಂದಿಟ್ಟಳು, ಕಾಲಿನಿಂದ ಒಂದಿಷ್ಟು ದೂರದಲ್ಲಿ.

ಮಾರ್ಚ್ ೧೩, ಗುರುವಾರ

ಇವಳೊಡನೆ ಮಾತು ಬಿಟ್ಟಿದ್ದೇನೆ. ಇವಳಿಗೆ ಅದು ಗೊತ್ತಾದಂತೆ ಕಾಣಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಕ್ಷೌರದವನು ಕತ್ತರಿಗಳನ್ನು ಸಾಣೆಗೆ ತಂದ. ನಾನೇ ಶುರುಮಾಡಿದೆ. “ನೋಡಯ್ಯ, ಈ ಕತ್ತರಿಯಲ್ಲಿ ಒಬ್ಬನ ಕರುಳು ತೆಗೀಬಹುದು. ಮನೆ ಮನೆಯ ಈಳಿಗೆ, ಚಾಕು, ಕೊಡಲಿ ಎಲ್ಲ ನನ್ನ ಕೈಯಲ್ಲೇ ಹರಿತವಾಗಿರೋದು. ಅದಕ್ಕೆ ಯಾರ ಹೆಂಡತಿಯನ್ನೂ ಕರೆದು ಕೇಳಲ್ಲ. ಬಂದೂಕಿಗೆ ಮಾತ್ರ ಯಾಕೆ?”

“ಕತ್ತರಿ ಹಿಡಿದು ಬರೋನಿಂದ ಓಡಿಹೋಗಬಹುದು ಅಜ್ಜ,” ಅಂದ. “ಆಮೇಲೆ ಚಾಕುವಿಗೆ ಈರುಳ್ಳಿ ಹೆಚ್ಚೋ ಕೆಲಸ ಇದೆ. ನಿಮ್ಮ ಬಂದೂಕಿಗೆ ಏನು ಕೆಲಸ ಇದೆ?”

ಅದಕ್ಕೆ ಉತ್ತರವಾಗಿ ಟ್ಯಾಂಕಿನ ಕಥೆ ಹೇಳಿದೆ. ನೂರು ಸಲ ಕೇಳಿದ್ದಾನೆ, ನೂರು ಸಲವೂ ನಕ್ಕಿದ್ದಾನೆ. ಈ ಸಲ ನಗಲಿಲ್ಲ.

“ಅಜ್ಜಿ ಮೇಲೇ ಇದ್ರಾ ಆವಾಗ?”

“ಇದ್ದಳು. ಅದೇ ಅಲ್ವೇನೋ ಮಜಾ, ತೊಯ್ದು ತೊಪ್ಪೆ—”

“ಟ್ಯಾಂಕು ಎಷ್ಟೆತ್ತರ ಇತ್ತು?”

“ಇಷ್ಟು,” ಅಂತ ಎದೆ ಹತ್ತಿರ ಕೈ ಇಟ್ಟು ತೋರಿಸಿದೆ.

ಅವನು ನನ್ನ ಕೈಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಅಂದ: “ಯಾರದು ಅಂತ ಒಂದು ಮಾತು ಕೇಳಬಹುದಿತ್ತಲ್ಲ ಅಜ್ಜ.”

“ಕಳ್ಳನಿಗೆ ಯಾರದು ಅಂದ್ರೆ ಹೆಸರು ಹೇಳ್ತಾನೇನೋ?”

“ಕಳ್ಳ ಹೇಳಲ್ಲ,” ಅಂತ ಎದ್ದ. ಕತ್ತರಿಗಳಿಗೆ ಸಾಣೆ ಪೂರ್ತಿ ಆಗುವುದರೊಳಗೇ ಎತ್ತಿಕೊಂಡು ಹೋದ. ಮೊಂಡು ಕತ್ತರಿಯಲ್ಲಿ ಯಾರ ಕೂದಲು ಕೀಳುತ್ತಾನೋ ಕೀಳಲಿ. ಕಥೆ ಹೇಳುವುದರಲ್ಲಿ ಎಲ್ಲೋ ತಪ್ಪಿದೆ, ಅಷ್ಟೆ. ಕೈ ತೋರಿಸಬಾರದಿತ್ತು.

ಮಾರ್ಚ್ ೧೯, ಬುಧವಾರ

ಭಾಮೈದ ದಾರಿ ಹುಡುಕಿದ್ದಾನೆ.

“ಭಾವ, ಅಕ್ಕ ಆಗದಿದ್ರೆ ನಾನಿಲ್ವಾ? ನಾನೂ ಇದೇ ಸೂರಿನಡಿ ಬಿದ್ದಿರೋನು. ಭಯ ಇಲ್ಲ ಅಂತ ಗಂಟೆ ಬಾರಿಸಿದ ಹಾಗೆ ಹೇಳ್ತೀನಿ.”

“ನಿನಗೇನು ಲಾಭ?”

“ನಾನು ಬಾಟ್ಲಿ ಮನೆಗೆ ತಂದ್ರೆ ನೀವು ಕಣ್ಣು ಮುಚ್ಕೊಂಡಿರಬೇಕು. ನಡೆದು ನಡೆದು ಚಪ್ಪಲಿ ಸವೆದುಹೋಯ್ತು.”

ಕುಡುಕರಿಗೆ ಬುದ್ಧಿ ಇಲ್ಲ ಎಂದು ಯಾರೋ ಹೇಳಿದ್ದರು, ನಾನೇ. ಹೆಂಡದ ವಿರುದ್ಧ ಬೀದಿಗೆಲ್ಲ ಕೇಳುವ ಹಾಗೆ ಭಾಷಣ ಬಿಗಿದವನು ಬಂದೂಕಿಗಾಗಿ ಹೆಂಡಕ್ಕೆ ಪರವಾನಗಿ ಕೊಟ್ಟೆ. ಮಂತ್ರಿಯಾಗಲು ನನಗೆ ಕಡಿಮೆಯಿದ್ದದ್ದು ಓದು ಒಂದೇ, ಅದೂ ಬೇಕಾಗಿಲ್ಲವಂತೆ.

ಇವಳಿಗೆ ಹೇಳಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದಳು. ಕೇಳಿಸಿಕೊಂಡಿರಬೇಕು. ಏನೂ ಅನ್ನಲಿಲ್ಲ. ಹೂಂ ಎಂದು ಬರೆಯಲು ಹೋದೆ. ಈಗ ಆ ಲೆಕ್ಕವೂ ನಂಬುವಂತಿಲ್ಲ.

ಮಾರ್ಚ್ ೨೭, ಗುರುವಾರ

ಭಾಮೈದ ಗಡ್ಡ ಕೆರೆದುಕೊಂಡು, ನನ್ನ ಇಸ್ತ್ರಿ ಅಂಗಿ ಹಾಕಿಕೊಂಡು, ಬಾಯಿ ವಾಸನೆ ಇಲ್ಲದೆ ಹೊರಟ. ಮದುವೆಗೆ ಹೊರಟ ವರನ ಹಾಗಿದ್ದ. ಡಿಪೋ ಹತ್ತಿರ ಬಂದಾಗ ನಾನು ಅಂದೆ, “ಒಳಗೆ ಹೋಗಿ ತಡವರಿಸಬೇಡ. ಅವಳ ಹಾಗೆ ನೆಲ ನೋಡಬೇಡ.”

“ನಾನ್ಯಾಕೆ ತಡವರಿಸ್ಲಿ? ಇರೋದನ್ನೇ ಹೇಳೋದು. ಗುಂಡೇ ಇಲ್ಲದ ಬಂದೂಕಿಗೆ ಏನು ಭಯ?”

“ಏನಂದೆ?”

ನಾಲಗೆ ಕಚ್ಚಿಕೊಂಡ. ಕುಡಿಯದೆ ಇದ್ದರೆ ಇವನ ನಾಲಗೆಗೆ ಲಂಗುಲಗಾಮು ಇರುವುದಿಲ್ಲ. ಕೊರಳಪಟ್ಟಿ ಹಿಡಿದೆ. ನನ್ನದೇ ಅಂಗಿ, ಹರಿದೀತು ಎಂದು ಬಿಟ್ಟೆ.

“ಟ್ಯಾಂಕು ತೂತಾದ ಮಾರನೇ ದಿನವೇ ಅಕ್ಕ ಗುಂಡಿನ ಡಬ್ಬಿಯಿಂದ ಎಲ್ಲ ತೆಗೆಸಿಬಿಟ್ಲು ಭಾವ. ನಾನೇ ಒಯ್ದು ಹೊಳೆಗೆ ಹಾಕಿ ಬಂದೆ. ಡಬ್ಬಿ ಹಗುರ ಆಗಬಾರದು ಅಂತ ನಿಮ್ಮ ಅಂಗಡಿಯ ತುಕ್ಕು ಬೋಲ್ಟು ತುಂಬಿಸಿಟ್ಲು.”

ಬಸ್ಸು ತೊಳೆಯುವ ನೀರು ರಸ್ತೆಗೆ ಹರಿದು ಬರುತ್ತಿತ್ತು. ಅದರಲ್ಲೇ ನಿಂತಿದ್ದೆ. ಚಪ್ಪಲಿ ತೊಯ್ದ ಮೇಲೆ ತಿಳಿಯಿತು.

ಕಾಲು ನೋವು, ಇನ್ನೊಂದು ದಿನ ಹೋಗೋಣ ಅಂದು ಹಿಂದಕ್ಕೆ ಬಂದೆ. ಹೆಬ್ಬೆರಳು ವಾಸಿಯಾಗಿ ವಾರವಾಗಿತ್ತು.

ಮಾರ್ಚ್ ೨೮, ಶುಕ್ರವಾರ

ಇವಳು ನೀರು ತರಲು ಹೋದಾಗ ಅಲಮಾರಿಯ ಮೇಲಿಂದ ಡಬ್ಬಿ ಇಳಿಸಿದೆ. ಹದಿನೈದು ವರ್ಷ ಎತ್ತಿ ಒರೆಸಿ ಇಟ್ಟ ಡಬ್ಬಿ. ಅಲ್ಲಾಡಿಸಿ, ಆಹಾ ಭಾರ ಇದೆ ಎಂದು ಹೆಮ್ಮೆಪಟ್ಟ ಡಬ್ಬಿ. ಮುಚ್ಚಳ ತೆಗೆದೆ. ಬೋಲ್ಟುಗಳು. ಒಂದು ನನ್ನ ಹಳೇ ಸಾಣೆಚಕ್ರದ್ದೇ, ಎಲ್ಲಿ ಹೋಯಿತು ಎಂದು ಆವಾಗ ಮೂರು ದಿನ ಅಂಗಡಿ ತಲೆಕೆಳಗು ಮಾಡಿದ್ದೆ.

ನಾನು ಸರ್ಕಾರವನ್ನು ಬೈಯುತ್ತ ಕೂತಿದ್ದೆ. ಸರ್ಕಾರ ನನ್ನ ಮನೆಯಲ್ಲೇ ಇತ್ತು. ಹದಿನೈದು ವರ್ಷದ ಹಿಂದೆಯೇ ಕಾನೂನು ಮಾಡಿ, ಜಾರಿ ಮಾಡಿ, ಗುಟ್ಟಾಗಿಟ್ಟಿತ್ತು. ಈ ಬಂದೂಕನ್ನು ನಂಬಿಕೊಂಡು ಎಷ್ಟು ಸಲ ನಡುಮನೆಯಲ್ಲಿ ನಿಂತು ಗೋಡೆಯತ್ತ ಕೈ ಮಾಡಿ ‘ಹುಷಾರ್’ ಅಂದಿದ್ದೇನೆ! ಬಾಡಿಗೆ ಕೇಳಲು ಬಂದವನಿಗೆ, ಬೀದಿಯ ಹುಡುಗರಿಗೆ, ಭಾಮೈದನಿಗೆ. ಸಾರಿಗೆ ಉಪ್ಪು ಹೆಚ್ಚಾದಾಗ ಇವಳಿಗೂ. ಅದು ತಮಾಷೆಗೆ. ಎಲ್ಲರಿಗೂ ಗೊತ್ತು ಅದು ತಮಾಷೆ ಅಂತ.

ಒಂದು ಮಾತ್ರ ಬಗೆಹರಿಯುತ್ತಿಲ್ಲ. ಗುಂಡು ತೆಗೆಸಿದವಳು ಇವಳೇ. ಖಾಲಿ ಎಂದು ಇವಳಿಗೆ ಗೊತ್ತು. ಗುಂಡಿಲ್ಲದ ಬಂದೂಕು ದೊಣ್ಣೆಗೆ ಸಮ. ಮತ್ತೆ ಕಚೇರಿಯಲ್ಲಿ ಭಯವಿಲ್ಲ ಎಂದು ಹೇಳಿಬಿಡಬಹುದಿತ್ತಲ್ಲ? ಬಂದೂಕಿಗೆ ಅಲ್ಲವಾದರೆ, ಇವಳು ಹೆದರಿದ್ದು ಮತ್ತೆ ಯಾವುದಕ್ಕೆ?

ಇದನ್ನು ಬರೆಯುವುದರೊಳಗೆ ಚಹಾ ತಣ್ಣಗಾಯಿತು. ತಣ್ಣಗಾದದ್ದನ್ನೇ ಕುಡಿದೆ. ಬೇರೆ ದಿನವಾಗಿದ್ದರೆ ಲೋಟ ಎಸೆಯುತ್ತಿದ್ದೆ.

ಬೋಲ್ಟುಗಳನ್ನು ಇದ್ದ ಹಾಗೆಯೇ ತುಂಬಿ ಡಬ್ಬಿ ಮೇಲಿಟ್ಟೆ.

ಏಪ್ರಿಲ್ ೨, ಬುಧವಾರ

ಬಂದೂಕು ಒಪ್ಪಿಸಿ ಬಂದೆ.

ಯಾರ ಮಾತಿಗೂ ಅಲ್ಲ. ಖಾಲಿ ಬಂದೂಕಿಗೆ ಯಾಕೆ ವರ್ಷ ವರ್ಷ ಎಣ್ಣೆ ದಂಡ? ಅಷ್ಟೇ ಕಾರಣ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ, ನಾಳೆ ನಾನೇ ಬೇರೆ ಏನಾದರೂ ಹೇಳಿಕೊಂಡು ತಿರುಗಬಾರದು.

ಅಧಿಕಾರಿ ಬಂದೂಕಿನ ನಳಿಗೆ ಮಡಚಿ ಒಳಗೆ ಇಣುಕಿದಳು. “ಚೆನ್ನಾಗಿ ಇಟ್ಟಿದೀರಿ,” ಅಂದಳು. “ಕಾಡತೂಸು?”

ಡಬ್ಬಿ ಮುಂದಿಟ್ಟೆ. ಮುಚ್ಚಳ ತೆಗೆದು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬೋಲ್ಟು ನೋಡಿದಳು.

“ಇದೇನು ಯಜಮಾನ್ರೇ?”

“ನಮ್ಮನೆಯವಳ ಕಾನೂನು,” ಅಂದೆ.

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಡಬ್ಬಿ ಮುಚ್ಚಿ, ಎರಡು ಕೈಯಲ್ಲಿ ಹಿಡಿದು, ನನಗೆ ಹಿಂದಕ್ಕೆ ಕೊಟ್ಟಳು. “ಕೂತ್ಕೊಳ್ಳಿ, ನೀರು ಕುಡೀತೀರಾ?” ಅಂದಳು. ಗುಂಡು ಹೋದವನಿಗೆ ನೀರು ಕೊಡುತ್ತಾರಂತೆ. ಕುಡಿದೆ.

ಮನೆಗೆ ಬಂದು ಇವಳಿಗೆ, “ಕೊಟ್ಟು ಬಂದೆ,” ಅಂದೆ. ಇಷ್ಟು ದಿನ ಬಿಟ್ಟಿದ್ದ ಮಾತನ್ನು ಇದಕ್ಕಾಗಿ ಖರ್ಚು ಮಾಡಬೇಕಾಯಿತು. ಇವಳು ಗೋಡೆಯ ಎರಡು ಮೊಳೆ ನೋಡಿದಳು. ಕೈಯಲ್ಲಿದ್ದ ಸೌಟು ಹಾಗೇ ಇತ್ತು, ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಲೆಯ ಮೇಲಿನದು ಸೀದುಹೋಯಿತು. ನಾನು ಸೀದದ್ದನ್ನೇ ಉಂಡೆ. ಚೆನ್ನಾಗಿದೆ ಎಂದು ಸುಳ್ಳು ಹೇಳಲಿಲ್ಲ, ಅಷ್ಟು ಕೆಟ್ಟವನಲ್ಲ.

ಏಪ್ರಿಲ್ ೬, ಭಾನುವಾರ

ಎಣ್ಣೆ ಬಟ್ಟೆ ಹಿಡಿದು ನಡುಮನೆಗೆ ಬಂದೆ. ಒರೆಸಲು ಏನೂ ಇಲ್ಲ. ಬಾಗಿಲ ತಿರುಗಣೆಗಳಿಗೆಲ್ಲ ಎಣ್ಣೆ ಹಾಕಿದೆ. ಈಗ ನಮ್ಮ ಮನೆಯ ಬಾಗಿಲುಗಳು ಕಳ್ಳನಿಗೆ ಹೇಳಿಮಾಡಿಸಿದ ಹಾಗೆ ಸದ್ದಿಲ್ಲದೆ ತೆರೆದುಕೊಳ್ಳುತ್ತವೆ.

ಏಪ್ರಿಲ್ ೧೫, ಮಂಗಳವಾರ

ಸರ್ಕಾರ ಒಂದು ವಿಷಯವನ್ನು ಮುಚ್ಚಿಟ್ಟು ಮೋಸ ಮಾಡಿದೆ. ಬಂದೂಕು ತೆಗೆದುಕೊಂಡರೆ ಹೆಂಡತಿಗೆ ನಾಲಗೆ ಬರುತ್ತದೆ ಎಂದು ಪೇಪರಿನಲ್ಲಿ ಎಲ್ಲೂ ಹಾಕಿರಲಿಲ್ಲ.

ಇವತ್ತು ಒದ್ದೆ ಟವೆಲು ಹಾಸಿಗೆ ಮೇಲೆ ಎಸೆದಿದ್ದೆ. “ಇದೇನು ಧರ್ಮಶಾಲೆನಾ?” ಅಂದಳು. ನಾನು ಗಂಟಲು ಏರಿಸಿದೆ. ಇವಳು ನನ್ನ ಮುಖವನ್ನೇ ನೋಡಿ, “ಕಿರುಚಬೇಡಿ. ಸಾಣೆ ಸದ್ದಿಗೆ ನಿಮ್ಮ ಕಿವಿ ಹೋಗಿದೆ, ನನ್ನ ಕಿವಿ ಇನ್ನೂ ಇದೆ,” ಅಂದಳು. ಹಿಂದಿನ ಕೋಣೆಯಲ್ಲಿ ಭಾಮೈದ ಕೆಮ್ಮಿದ. ನಾನು ಅಭ್ಯಾಸಬಲದಿಂದ ಗೋಡೆ ನೋಡಿದೆ. ಎರಡು ಮೊಳೆಗೂ ಸೇರಿಸಿ ಇವಳು ಕೊಡೆ ನೇತುಹಾಕಿದ್ದಾಳೆ. ಕೊಡೆ ತೋರಿಸಿ ಯಾರನ್ನು ಹೆದರಿಸುವುದು?

ಟವೆಲು ಎತ್ತಿಕೊಂಡೆ.

ಭಾಮೈದನ ಬಾಟ್ಲಿಗೆ ನಾನು ಕೊಟ್ಟ ಪರವಾನಗಿಯನ್ನು ಇವಳು ರದ್ದು ಮಾಡಿದಳು. ಮನೆಯಲ್ಲಿ ಬೇಡ, ಹೊರಗೆ ಕುಡಿದು ಬಂದರೆ ಹಿತ್ತಿಲ ಬಾಗಿಲಿಂದ ಬಂದು ಸುಮ್ಮನೆ ಮಲಗಬೇಕು. ನನ್ನ ಸಿಗರೇಟು ಪ್ಯಾಕೂ ಈಗ ಇವಳ ಡಬ್ಬಿಯಲ್ಲಿ, ಅದೇ ಬೋಲ್ಟಿನ ಡಬ್ಬಿಯಲ್ಲಿ. ದಿನಕ್ಕೆ ಮೂರು ಬಿಡಿ ಕೊಡುತ್ತಾಳೆ. ಪೂರ್ತಿ ನಿಷೇಧವೇನೂ ಇಲ್ಲ, ಅಷ್ಟು ಒಳ್ಳೆಯವಳು. ಈ ಸರ್ಕಾರಕ್ಕೆ ಚುನಾವಣೆ ಬರುವುದಿಲ್ಲ ಎನ್ನುವುದೇ ಚಿಂತೆ.

ಏಪ್ರಿಲ್ ೨೪, ಗುರುವಾರ

ಬರೆಯಲು ಸಿಟ್ಟು ಏನೂ ಇಲ್ಲ. ಪುಸ್ತಕದಲ್ಲಿ ಹಾಳೆ ಉಳಿದಿದೆ ಎಂದು ಬರೆಯುತ್ತಿದ್ದೇನೆ.

ಕ್ಷೌರದವನು ಹೊಸ ಗಿರಾಕಿಯ ಮುಂದೆ, “ಅಜ್ಜ, ಟ್ಯಾಂಕಿನ ಕಥೆ ಹೇಳಿ,” ಅಂದ. ಬಾಯಿ ತೆರೆದೆ. ಮಾಳಿಗೆಯ ತನಕ ಬಂದು ಕೆಮ್ಮಿದೆ, ಕಥೆಯನ್ನು ಅಲ್ಲಿಗೇ ಬಿಟ್ಟೆ. ಸಾಣೆಯ ಧೂಳು ಇರಬೇಕು. ಡಾಕ್ಟರಿಗೆ ತೋರಿಸಬೇಕು.

ಪುಸ್ತಕ ಬರೆಯುವವನು ನಾನು, ಗುಣವಾಗುತ್ತಿರುವುದು ಇವಳಿಗೆ. ಸಂಜೆ ಅಂಗಡಿಯಿಂದ ಬಂದಾಗ ಹಿತ್ತಿಲ ಹಗ್ಗ ಖಾಲಿ. ಏಣಿ ಮಾಳಿಗೆಗೆ ಒರಗಿತ್ತು. ಮೊಣಕಾಲು ನೋವು ಎಲ್ಲಿಗೆ ಹೋಯಿತೋ. ಮೇಲೆ ಹೆಜ್ಜೆ ಸದ್ದು, ಬಟ್ಟೆ ಕೊಡವುವ ಸದ್ದು.

ಅಂಗಳದಲ್ಲಿ ನಿಂತೆ. ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಬಟ್ಟೆ ಕೊಡವುವವರು ಬೇರೆ ಯಾರಿದ್ದಾರೆ? ಆದರೂ ತಲೆ ಎತ್ತಿ, ಆದಷ್ಟು ಮೆಲ್ಲಗೆ ಕೇಳಿದೆ:

“ಯಾರದು?”

ಮೇಲೆ ಸದ್ದು ನಿಂತಿತು. ನಾನು ಏಣಿಯ ಎರಡೂ ಕಾಲು ಹಿಡಿದುಕೊಂಡೆ.

“ನಾನು ಕಣ್ರೀ,” ಅಂದಳು.